ಸೀರಿಯಲ್ ಸಂಪರ್ಕ: ಪರದೆಯ ಮೇಲೆ ಗೀಚು ಮೂಡಿದರೆ ಫಲಕ ಕೆಟ್ಟಿತೆಂದಲ್ಲ

ಕೇರಳದ ಹತ್ತನೆಯ ತರಗತಿಯ ಐಸಿಟಿ ಪಠ್ಯದಲ್ಲಿ 2025-26ನೆಯ ಶೈಕ್ಷಣಿಕ ವರ್ಷದಿಂದ ರೋಬೋಟಿಕ್ಸ್ ಸೇರಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನು ಕಲಿಯಬೇಕಾಗಿದೆ. ಲಿಟ್ಲ್ ಕೈಟ್ಸ್ ಘಟಕಗಳಿರುವ ಶಾಲೆಗಳಿಗೆ ಆರ್ಡುಯಿನೋ ಕಿಟ್‌ಗಳು ಅದಕ್ಕೂ ಮೊದಲೇ ಬಂದಿವೆ. ಇತರ ರಾಜ್ಯಗಳಲ್ಲಿ ನೀತಿ ಆಯೋಗದ ಅಟಲ್ ಟಿಂಕರಿಂಗ್ ಪ್ರಯೋಗಾಲಯ ದೊರೆತ ಶಾಲೆಗಳ ಮಕ್ಕಳು 6ನೆಯ ತರಗತಿಯಿಂದಲೇ ಇಂಥ ಫಲಕಗಳನ್ನು ಕೈಯಲ್ಲಿ ಹಿಡಿಯುತ್ತಿದ್ದಾರೆ. ಕಿಟ್‌ನೊಂದಿಗೆ ಬರುವ ಕೈಪಿಡಿ ಹೆಚ್ಚಾಗಿ ಇಂಗ್ಲಿಷಿನದು; ತರಬೇತಿಯ ಭಾಷೆ ಆಯಾ ರಾಜ್ಯದ್ದು. ಈ ನಡುವೆ ಕನ್ನಡದಲ್ಲಿ ಕಲಿಯುವ ಮಗುವಿಗೆ ಒಂದು ಸಂಗತಿಯನ್ನು ಯಾರೂ ಬಿಡಿಸಿ ಹೇಳದೆ ಉಳಿದುಬಿಡುವುದುಂಟು. ಫಲಕವನ್ನು ಗಣಕಯಂತ್ರಕ್ಕೆ ಜೋಡಿಸಿದಾಗ ಅವೆರಡೂ ಯಾವ ಒಪ್ಪಂದದ ಮೇಲೆ ಮಾತನಾಡುತ್ತವೆ ಎಂಬುದೇ ಆ ಸಂಗತಿ.

ಅದು ತಿಳಿಯದಿದ್ದರೆ ಆಗುವ ನಷ್ಟ ಸಣ್ಣದಲ್ಲ. ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಮೂಡಿದೊಡನೆ ಫಲಕ ಕೆಟ್ಟಿದೆಯೆಂದು ಮಗು ಕೈಬಿಡುತ್ತದೆ. ಇಲ್ಲವೇ ಪ್ಲಗ್ಗು ಹೊಂದಿಕೊಂಡಿತೆಂಬ ಧೈರ್ಯದಿಂದ ಹೊಂದದ ಎರಡು ಉಪಕರಣಗಳನ್ನು ಜೋಡಿಸಿ ನಿಜವಾಗಿಯೂ ಕೆಡಿಸುತ್ತದೆ. ಹತ್ತಾರು ಮಕ್ಕಳು ಹಂಚಿಕೊಳ್ಳುವ ಒಂದು ಕಿಟ್ ಸುಟ್ಟುಹೋದರೆ ಅದೇ ವರ್ಷ ಮತ್ತೊಂದು ಬರುವ ಭರವಸೆಯಿಲ್ಲ.

ಸೀರಿಯಲ್ ಎಂದೊಡನೆ ಮನೆಯವರಿಗೆ ನೆನಪಾಗುವುದು ಟಿ.ವಿ.ಯ ಧಾರಾವಾಹಿ. ಇಲ್ಲಿಯೂ ಅರ್ಥ ಅದೇ, ಒಂದಾದ ಮೇಲೆ ಒಂದರಂತೆ ಬರುವುದು. ಗಣಕಯಂತ್ರದ ಒಂದು ಅಕ್ಷರವು ಸಾಮಾನ್ಯವಾಗಿ ಎಂಟು ಬಿಟ್‌ಗಳ, ಅಂದರೆ ಎಂಟು ಸೊನ್ನೆ ಅಥವಾ ಒಂದುಗಳ, ಗುಂಪು. ಎಂಟು ತಂತಿಗಳನ್ನು ಎಳೆದು ಎಂಟನ್ನೂ ಏಕಕಾಲಕ್ಕೆ ಕಳುಹಿಸಬಹುದು. ಹಳೆಯ ಪ್ರಿಂಟರುಗಳ ದಪ್ಪ ಕೇಬಲ್ಲು ಹಾಗೆ ಮಾಡುತ್ತಿತ್ತು. ಒಂದೇ ತಂತಿಯಲ್ಲಿ, ಮಧ್ಯಾಹ್ನದ ಊಟಕ್ಕೆ ಸಾಲುಗಟ್ಟಿದ ಮಕ್ಕಳಂತೆ, ಒಂದೊಂದಾಗಿ ಕಳುಹಿಸುವುದೇ ಸೀರಿಯಲ್ ಸಂವಹನ. ಹೋಗಲು ಒಂದು ತಂತಿ, ಬರಲು ಒಂದು, ಇಬ್ಬರಿಗೂ ಸಮಾನವಾದ ನೆಲೆಯಾಗಿ ಗ್ರೌಂಡ್ ಎಂಬ ಮೂರನೆಯದು: ಇಷ್ಟಿದ್ದರೆ ಸಾಕು.

ಆದರೆ ಒಂದೇ ತಂತಿಯಲ್ಲಿ ಸೊನ್ನೆ, ಒಂದುಗಳು ಹರಿದು ಬರುವಾಗ ಒಂದು ಬಿಟ್ ಎಲ್ಲಿ ಮುಗಿದು ಮುಂದಿನದು ಎಲ್ಲಿ ತೊಡಗಿತೆಂದು ಪಡೆಯುವವರಿಗೆ ತಿಳಿಯುವುದು ಹೇಗೆ? ತಾಳವನ್ನು ಸೂಚಿಸುವ ಪ್ರತ್ಯೇಕ ತಂತಿ ಇಲ್ಲಿಲ್ಲ. ಯಕ್ಷಗಾನ ಕಂಡವರಿಗೆ ಇದರ ಉತ್ತರ ಕಠಿಣವಲ್ಲ. ಭಾಗವತರು ಪದ ಎತ್ತಿಕೊಂಡ ಕ್ಷಣವನ್ನು ಮದ್ದಲೆಗಾರರು ಹಿಡಿಯುತ್ತಾರೆ. ಲಯ ಎಷ್ಟೆಂಬುದು ಮೊದಲೇ ಇಬ್ಬರಿಗೂ ಗೊತ್ತು. ಅಲ್ಲಿಂದ ಮುಂದೆ ಒಬ್ಬರ ಮುಖ ಒಬ್ಬರು ನೋಡದೆಯೂ ಪೆಟ್ಟುಗಳು ಕೂಡಿಬರುತ್ತವೆ. ಸೀರಿಯಲ್ ತಂತಿಯಲ್ಲಿ ಆ ಎತ್ತುಗಡೆಗೆ ಸ್ಟಾರ್ಟ್ ಬಿಟ್ ಎಂದು ಹೆಸರು, ಲಯಕ್ಕೆ ಬಾಡ್ ದರವೆಂದು ಹೆಸರು. ಬಾಡ್ ಎಂಬ ಪದ ಫ್ರಾನ್ಸಿನ ತಂತಿ ಇಲಾಖೆಯ ಎಂಜಿನಿಯರ್ ಎಮಿಲ್ ಬೊಡೊ ಅವರ ಹೆಸರಿನಿಂದ ಬಂದದ್ದು. ಇಂಥ ಪದವನ್ನು ಕನ್ನಡಿಸುವ ಶ್ರಮ ಅನಗತ್ಯವೆಂದೇ ನನ್ನ ಅಭಿಪ್ರಾಯ. ಪದ ಹಾಗೆಯೇ ಇರಲಿ, ವಿವರಣೆ ಕನ್ನಡದಲ್ಲಿ ದೊರೆಯಲಿ.

ಆರ್ಡುಯಿನೋ ಪಾಠಗಳಲ್ಲಿ ಪದೇ ಪದೇ ಕಾಣುವ 9600 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಸೆಕೆಂಡಿಗೆ 9600 ಬಿಟ್‌ಗಳೆಂದರೆ ಒಂದು ಬಿಟ್‌ನ ಆಯುಸ್ಸು ಸುಮಾರು 104 ಮೈಕ್ರೋಸೆಕೆಂಡು. ಮಾತಿಲ್ಲದಿರುವಾಗ ತಂತಿ ‘1’ರ ಸ್ಥಿತಿಯಲ್ಲಿ ನಿಂತಿರುತ್ತದೆ. (ಟೆಲಿಪ್ರಿಂಟರ್ ಕಾಲದಿಂದ ಬಂದ ಪದ್ಧತಿಯಿದು. ಸುಮ್ಮನಿರುವಾಗಲೂ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿದ್ದರೆ, ನಡುವೆ ತಂತಿ ತುಂಡಾದದ್ದು ಕೂಡಲೇ ತಿಳಿಯುತ್ತದೆ.) ಕಳುಹಿಸುವವನು ಮೊದಲು ತಂತಿಯನ್ನು ಒಂದು ಬಿಟ್‌ನಷ್ಟು ಕಾಲ ‘0’ಗೆ ಇಳಿಸುತ್ತಾನೆ, ಇದೇ ಸ್ಟಾರ್ಟ್ ಬಿಟ್. ಅನಂತರ ಎಂಟು ಬಿಟ್‌ಗಳು, ಕಿರಿಯ ಸ್ಥಾನದ್ದು ಮೊದಲು. ಕೊನೆಗೆ ತಂತಿ ಮರಳಿ ‘1’ಕ್ಕೆ ಏರುತ್ತದೆ, ಅದು ಸ್ಟಾಪ್ ಬಿಟ್. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರದ ಸಂಖ್ಯೆ 65, ದ್ವಿಮಾನದಲ್ಲಿ 01000001. ತಂತಿಯ ಮೇಲೆ ಅದು 0, ಬಳಿಕ 1 0 0 0 0 0 1 0, ಕೊನೆಗೆ 1 ಎಂದು ಸಾಗುತ್ತದೆ. ಒಂದು ಅಕ್ಷರಕ್ಕೆ ಒಟ್ಟು ಹತ್ತು ಬಿಟ್. ಆದ್ದರಿಂದ 9600 ಬಾಡ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 960 ಅಕ್ಷರ.

ಪಡೆಯುವವನು ಸ್ಟಾರ್ಟ್ ಬಿಟ್‌ನ ಇಳಿತವನ್ನು ಕಂಡ ಕೂಡಲೇ ಒಂದೂವರೆ ಬಿಟ್‌ನಷ್ಟು ಕಾಯುತ್ತಾನೆ. ಆಗ ಮೊದಲನೆಯ ಬಿಟ್‌ನ ನಟ್ಟನಡುವೆ ಬಂದು ನಿಂತಂತಾಯಿತು. ಅಲ್ಲಿಂದ ಪ್ರತಿ 104 ಮೈಕ್ರೋಸೆಕೆಂಡಿಗೊಮ್ಮೆ ತಂತಿಯನ್ನು ನೋಡುತ್ತಾನೆ. ಸ್ಟಾಪ್ ಬಿಟ್‌ನ ನಡುವಿಗೆ ಬರುವಾಗ ಒಂಬತ್ತೂವರೆ ಬಿಟ್‌ಗಳ ಕಾಲ ಕಳೆದಿರುತ್ತದೆ. ಇಬ್ಬರ ಗಡಿಯಾರಗಳ ಅಂತರ ಅಷ್ಟರಲ್ಲಿ ಅರ್ಧ ಬಿಟ್‌ಗಿಂತ ಹೆಚ್ಚಾದರೆ ಪಕ್ಕದ ಬಿಟ್ಟನ್ನು ಓದಿಬಿಡುತ್ತಾನೆ. ಒಂಬತ್ತೂವರೆಯಲ್ಲಿ ಅರ್ಧವೆಂದರೆ ಶೇಕಡಾ 5ರಷ್ಟು. ಎರಡೂ ಕಡೆಯ ದೋಷ ಇದರೊಳಗೇ ಅಡಗಬೇಕಾದುದರಿಂದ ಪ್ರತಿಯೊಬ್ಬರಿಗೂ ಶೇಕಡಾ 2ರ ಆಸುಪಾಸಿನ ಸಡಿಲಿಕೆ ಮಾತ್ರ ಸುರಕ್ಷಿತ. ಪ್ರತಿ ಅಕ್ಷರಕ್ಕೂ ಹೊಸದಾಗಿ ಎತ್ತುಗಡೆಯಾಗುವುದರಿಂದ ಈ ತಪ್ಪು ಮುಂದಿನ ಅಕ್ಷರಕ್ಕೆ ಬೆಳೆದುಕೊಂಡು ಹೋಗುವುದಿಲ್ಲ. ಇಡೀ ಏರ್ಪಾಡಿನ ಜಾಣ್ಮೆ ಇರುವುದು ಇಲ್ಲಿಯೇ.

ಫಲಕವು 9600ರಲ್ಲಿ ಕಳುಹಿಸುತ್ತಿದ್ದು, ಗಣಕದ ಸೀರಿಯಲ್ ಮಾನಿಟರ್ 115200ಕ್ಕೆ ಹೊಂದಿಸಲ್ಪಟ್ಟಿದ್ದರೆ ಕಳುಹಿಸಿದ ಒಂದೊಂದು ಬಿಟ್ಟೂ ಓದುವವನಿಗೆ ಹನ್ನೆರಡಾಗಿ ಕಾಣುತ್ತದೆ. ಪರದೆಯ ಮೇಲೆ ಮೂಡುವ ಗೀಚುಗಳಿಗೆ ಬಹುಪಾಲು ಇದೇ ಕಾರಣ. ಮಾನಿಟರ್‌ನ ಮೂಲೆಯಲ್ಲಿ ಇರುವ ಸಂಖ್ಯೆಯನ್ನು ಪ್ರೋಗ್ರಾಮಿನಲ್ಲಿ ಬರೆದ ಸಂಖ್ಯೆಗೆ ಸರಿಹೊಂದಿಸಿದರೆ ಅಕ್ಷರಗಳು ತಿಳಿಯಾಗುತ್ತವೆ. ಇಎಸ್‌ಪಿ8266 ಎಂಬ ಅಗ್ಗದ ವೈಫೈ ಫಲಕವಂತೂ ವಿದ್ಯುತ್ ಕೊಟ್ಟಾಗ ಹೇಳುವ ಮೊದಲ ಮಾತನ್ನು 74880 ಎಂಬ ವಿಚಿತ್ರ ದರದಲ್ಲಿ ಹೇಳುತ್ತದೆ. ಆ ಒಂದೆರಡು ಸಾಲಿನ ಗೀಚನ್ನು ಕಂಡು ಹೆದರಬೇಕಾದುದಿಲ್ಲ.

ಗೀಚಿನ ಇನ್ನೊಂದು ಬಗೆಯಿದೆ, ಅದು ಹೆಚ್ಚು ಮೋಸಗಾರ. ಹಳೆಯ ಉಪಕರಣಗಳಲ್ಲಿ ಕೆಲವು ಎಂಟರ ಬದಲು ಏಳೇ ಬಿಟ್ ಕಳುಹಿಸಿ, ಎಂಟನೆಯ ಸ್ಥಾನದಲ್ಲಿ ಪ್ಯಾರಿಟಿ ಎಂಬ ಕಾವಲು ಬಿಟ್ಟನ್ನು ಇಡುತ್ತವೆ. ‘1’ಗಳ ಒಟ್ಟು ಎಣಿಕೆ ಸಮಸಂಖ್ಯೆಯಾಗುವಂತೆ ಅದನ್ನು ತುಂಬಿದರೆ ಸಮ ಪ್ಯಾರಿಟಿ. ಹೀಗೆ ಬಂದದ್ದನ್ನು ಗಣಕವು ಪ್ಯಾರಿಟಿಯಿಲ್ಲದ ಎಂಟು ಬಿಟ್ ಎಂದು ಓದಿದರೆ ಅಕ್ಷರದ ಉದ್ದ ಹೇಗೂ ಹತ್ತೇ ಬಿಟ್ ಆದುದರಿಂದ ಎಲ್ಲವೂ ಸರಿಯೆಂಬಂತೆ ನಡೆಯುತ್ತದೆ. ಆದರೆ 0, 3, 5, 6, 9 ಎಂಬ ಅಂಕೆಗಳು ಸರಿಯಾಗಿ ಕಾಣುತ್ತವೆ. 1, 2, 4, 7, 8ರ ಜಾಗದಲ್ಲಿ ಗುರುತಿಲ್ಲದ ಚಿಹ್ನೆಗಳು ಬರುತ್ತವೆ. ಮೊದಲನೆಯ ಗುಂಪಿನ ಅಂಕೆಗಳ ಸಂಕೇತದಲ್ಲಿ ‘1’ಗಳು ಆಗಲೇ ಸಮಸಂಖ್ಯೆಯಲ್ಲಿವೆ, ಎರಡನೆಯ ಗುಂಪಿನಲ್ಲಿ ಬೆಸವಿರುವುದರಿಂದ ಕಾವಲು ಬಿಟ್ ‘1’ ಆಗಿ ಅಕ್ಷರವನ್ನೇ ಬದಲಿಸಿಬಿಡುತ್ತದೆ. ಅರ್ಧ ಅಂಕೆಗಳು ಮಾತ್ರ ಕೆಟ್ಟು ಬಂದರೆ ತಂತಿಯನ್ನು ಅಲುಗಿಸುತ್ತ ಕೂರದೆ ಪ್ಯಾರಿಟಿಯ ಹೊಂದಾಣಿಕೆಯನ್ನು ನೋಡಬೇಕು. ಹತ್ತನೆಯ ತರಗತಿಯ ವಿದ್ಯಾರ್ಥಿಯು ಈ ಹತ್ತು ಅಂಕೆಗಳ ಸಂಕೇತವನ್ನು, 48ರಿಂದ 57ರವರೆಗೆ, ದ್ವಿಮಾನದಲ್ಲಿ ಬರೆದು ತಾನೇ ಪರೀಕ್ಷಿಸಬಹುದು.

ಇಲ್ಲಿ ಕನ್ನಡಕ್ಕೆ ಸಂಬಂಧಿಸಿದ ಮಾತೊಂದಿದೆ. ತಂತಿಗೆ ಬೈಟ್ ಗೊತ್ತೇ ಹೊರತು ಭಾಷೆ ಗೊತ್ತಿಲ್ಲ. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್ ಆದರೆ, ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ‘ಕ’ ಮೂರು ಬೈಟ್. ‘ಕ್ಷ’ವು ಕ, ವಿರಾಮ ಚಿಹ್ನೆ, ಷ ಎಂಬ ಮೂರರ ಕೂಡುವಿಕೆಯಾದುದರಿಂದ ಒಂಬತ್ತು ಬೈಟ್. ‘ಕನ್ನಡ’ ಎಂಬ ಪದಕ್ಕೆ ಹದಿನೈದು ಬೈಟ್, ತಂತಿಯ ಮೇಲೆ 150 ಬಿಟ್. 9600 ಬಾಡ್‌ನಲ್ಲಿ ಸುಮಾರು 16 ಮಿಲಿಸೆಕೆಂಡು. ಆರ್ಡುಯಿನೋದಿಂದ ಕನ್ನಡ ವಾಕ್ಯವನ್ನು ಕಳುಹಿಸಿದರೆ ಗಣಕದ ಪರದೆಯ ಮೇಲೆ ಅದು ಕನ್ನಡವಾಗಿಯೇ ಕಾಣಲು ಅಡ್ಡಿಯಿಲ್ಲ. ಕಿಟ್‌ಗಳಲ್ಲಿ ಬರುವ ಹದಿನಾರು ಅಕ್ಷರದ ಎರಡು ಸಾಲಿನ ಎಲ್‌ಸಿಡಿಗೆ ಕಳುಹಿಸಿದರೆ ಮಾತ್ರ ಗೀಚು ಬರುತ್ತದೆ. ಅದರೊಳಗಿನ ಅಕ್ಷರಭಂಡಾರದಲ್ಲಿ ಕನ್ನಡವಿಲ್ಲ. ಐದಕ್ಕೆ ಎಂಟು ಚುಕ್ಕೆಗಳ ಚೌಕದಲ್ಲಿ ನಾವೇ ಚಿತ್ರಿಸಿಕೊಳ್ಳಲು ಎಂಟು ಅಕ್ಷರಗಳ ಜಾಗವನ್ನು ಅದು ಕೊಡುತ್ತದೆ. ಶಾಲೆಯ ಹೆಸರನ್ನು ಕನ್ನಡದಲ್ಲಿ ತೋರಿಸಬೇಕೆಂಬ ಮಕ್ಕಳಿಗೆ ಅಷ್ಟರೊಳಗೆ ಹೊಂದಿಸುವುದೇ ಒಂದು ಒಳ್ಳೆಯ ಆಟ.

ಇದುವರೆಗೆ ಹೇಳಿದ್ದು ಕಾಲದ ಒಪ್ಪಂದ. ಇದು ತಪ್ಪಿದರೆ ಮಾತು ಕೆಡುತ್ತದೆ, ಉಪಕರಣ ಕೆಡುವುದಿಲ್ಲ. ವೋಲ್ಟೇಜಿನ ಒಪ್ಪಂದ ಹಾಗಲ್ಲ. ಅದು ತಪ್ಪಿದರೆ ಉಪಕರಣವೇ ಸುಡಬಹುದು.

ಆರ್‌ಎಸ್-232 ಎಂಬ ಹೆಸರನ್ನು ಸೀರಿಯಲ್ ಸಂವಹನಕ್ಕೆ ಪರ್ಯಾಯವೆಂಬಂತೆ ಹಲವರು ಬಳಸುತ್ತಾರೆ. ಅಮೆರಿಕದ ಎಲೆಕ್ಟ್ರಾನಿಕ್ ಉದ್ಯಮಗಳ ಸಂಘವು 1960ರಲ್ಲಿ ಹೊರಡಿಸಿದ ಶಿಫಾರಸು ಅದು. ಹೆಸರಿನ ಮೊದಲೆರಡು ಅಕ್ಷರಗಳಿಗೂ ಶಿಫಾರಸು ಮಾಡಿದ ಮಾನಕವೆಂದೇ ಅರ್ಥ. ಟೆಲಿಪ್ರಿಂಟರನ್ನೂ ಮೋಡೆಮನ್ನೂ ಜೋಡಿಸಲು ಅದು ಹುಟ್ಟಿತು. 1969ರ ‘ಸಿ’ ಆವೃತ್ತಿ ಬಹುಕಾಲ ಬಳಕೆಯಲ್ಲಿತ್ತು. ಈ ಮಾನಕದ ಪ್ರಕಾರ ‘1’ ಎಂದರೆ ಋಣ ವೋಲ್ಟೇಜು, ‘0’ ಎಂದರೆ ಧನ ವೋಲ್ಟೇಜು. ಕಳುಹಿಸುವವನು 5ರಿಂದ 15 ವೋಲ್ಟಿನವರೆಗೆ ಕೊಡಬಹುದು. ಪಡೆಯುವವನು 3 ವೋಲ್ಟಿಗಿಂತ ಹೆಚ್ಚಿದ್ದರೆ ಒಪ್ಪಿಕೊಳ್ಳುತ್ತಾನೆ. ಋಣ 3ರಿಂದ ಧನ 3ರವರೆಗಿನದು ಅರ್ಥವಿಲ್ಲದ ವಲಯ. ದೂರದ ತಂತಿಯಲ್ಲಿ ವೋಲ್ಟೇಜು ಸವೆದರೂ, ಗದ್ದಲ ಸೇರಿದರೂ ಮಾತು ಉಳಿಯಲೆಂದು ಇಷ್ಟು ದೊಡ್ಡ ಅಂತರ.

ಆರ್ಡುಯಿನೋ ಊನೋ ಫಲಕದಲ್ಲಿ ‘1’ ಎಂದರೆ 5 ವೋಲ್ಟು, ‘0’ ಎಂದರೆ ಸೊನ್ನೆ. ರಾಸ್ಬೆರಿ ಪೈ, ಇಎಸ್‌ಪಿ32ಗಳಲ್ಲಿ ‘1’ ಎಂದರೆ 3.3 ವೋಲ್ಟು. ಬಾಡ್ ದರವೂ ಬಿಟ್‌ಗಳ ಕ್ರಮವೂ ಆರ್‌ಎಸ್-232ರೊಂದಿಗೆ ಒಂದೇ ಆಗಿದ್ದರೂ ವೋಲ್ಟೇಜು ಬೇರೆ, ಅರ್ಥವೂ ತಲೆಕೆಳಗು. ಹಳೆಯ ಗಣಕದ ಹಿಂಬದಿಯ ಒಂಬತ್ತು ಸೂಜಿಯ ಪೋರ್ಟಿನಿಂದ ನೇರವಾಗಿ ಇಂಥ ಫಲಕಕ್ಕೆ ತಂತಿ ಎಳೆದರೆ 3.3 ವೋಲ್ಟಿನ ಕಾಲಿನ ಮೇಲೆ ಋಣ 12 ವೋಲ್ಟು ಬೀಳಬಹುದು. ನಡುವೆ ಮ್ಯಾಕ್ಸ್232ರಂತಹ ಪರಿವರ್ತಕ ಚಿಪ್ ಇರಲೇಬೇಕು. ಅದು ತನ್ನ 5 ವೋಲ್ಟನ್ನು ಕೆಲವೇ ಕೆಪಾಸಿಟರುಗಳ ನೆರವಿನಿಂದ ಏರಿಸಿ, ತಿರುಗಿಸಿ, ಎರಡೂ ಕಡೆಗೆ ಬೇಕಾದ ವೋಲ್ಟೇಜನ್ನು ಒದಗಿಸುತ್ತದೆ. ಊನೋ ಫಲಕದ ಮಾತನ್ನು ರಾಸ್ಬೆರಿ ಪೈಗೆ ತಲುಪಿಸಲು ಇಷ್ಟೂ ಬೇಡ. ವಿದ್ಯುತ್ತಿನ ಪಾಠದಲ್ಲಿ ಕಲಿತ ಸರಣಿ ಜೋಡಣೆಯೇ ಸಾಕು. 1 ಕಿಲೋಓಮ್ ಮತ್ತು 2 ಕಿಲೋಓಮ್ ರೋಧಕಗಳನ್ನು ಸರಣಿಯಲ್ಲಿಟ್ಟು, ಎರಡನೆಯದರ ತುದಿಯನ್ನು ಗ್ರೌಂಡಿಗೆ ಸೇರಿಸಿ, ನಡುವಿನಿಂದ ತಂತಿ ತೆಗೆದರೆ 5 ವೋಲ್ಟಿನ ಮೂರನೆಯ ಎರಡು ಭಾಗ, ಅಂದರೆ ಸುಮಾರು 3.3 ವೋಲ್ಟು ದೊರೆಯುತ್ತದೆ.

ಪ್ಲಗ್ಗಿನ ಆಕಾರ ಈ ಯಾವ ಒಪ್ಪಂದಕ್ಕೂ ಸಾಕ್ಷಿಯಲ್ಲ. ಒಂಬತ್ತು ಸೂಜಿಯ ಕನೆಕ್ಟರು 1984ರಲ್ಲಿ ಐಬಿಎಂನ ಪಿಸಿ ಎಟಿಯೊಂದಿಗೆ ಪ್ರಚಾರಕ್ಕೆ ಬಂತು. ಅದಕ್ಕೂ ಮೊದಲು ಇದ್ದದ್ದು ಇಪ್ಪತ್ತೈದು ಸೂಜಿಯದು. ಒಂಬತ್ತು ಸೂಜಿಯ ಅದೇ ಕನೆಕ್ಟರಿನಲ್ಲಿ ಆರ್‌ಎಸ್-485 ಇರಬಹುದು, ಬರಿಯ 5 ವೋಲ್ಟೂ ಇರಬಹುದು. ಆರ್‌ಎಸ್-485 ಎಂಬುದು 1983ರ ಮಾನಕ. ಎರಡು ತಂತಿಗಳ ನಡುವಣ ವ್ಯತ್ಯಾಸವನ್ನು ಓದುವುದರಿಂದ ಗದ್ದಲಕ್ಕೆ ಜಗ್ಗದೆ ಸುಮಾರು 1200 ಮೀಟರಿನವರೆಗೂ ಸಾಗುತ್ತದೆ. ಒಂದೇ ಜೋಡಿ ತಂತಿಯಲ್ಲಿ 32 ಉಪಕರಣಗಳು ಕೂಡಬಹುದು. ಸೌರ ಇನ್ವರ್ಟರು, ವಿದ್ಯುತ್ ಮೀಟರುಗಳಲ್ಲಿ ಇದೇ ಹೆಚ್ಚು. ಉಪಕರಣದ ಹಾಳೆಯಲ್ಲಿ ಮಾನಕದ ಹೆಸರನ್ನು ಓದದೆ ಕನೆಕ್ಟರು ಹೊಂದಿತೆಂದು ಜೋಡಿಸಬಾರದು.

ಇವೆರಡು ಒಪ್ಪಂದಗಳೂ ಕೂಡಿಬಂದ ಮೇಲೆ ಉಳಿಯುವುದು ಅರ್ಥದ ಪ್ರಶ್ನೆ. ಇದನ್ನು ಕಾಣಲು ಹಾಲು ಉತ್ಪಾದಕರ ಸಂಘದ ಸಂಗ್ರಹ ಕೇಂದ್ರಕ್ಕೆ ಹೋದರೆ ಸಾಕು. ಅನೇಕ ಕಡೆ ತೂಕದ ಯಂತ್ರವೂ ಕೊಬ್ಬಿನಂಶ ಅಳೆಯುವ ಯಂತ್ರವೂ ಸೀರಿಯಲ್ ತಂತಿಯಿಂದಲೇ ಗಣಕಕ್ಕೆ ಸೇರಿರುತ್ತವೆ. ಮನೆಯವರ ಕೈಗೆ ಬರುವ ಚೀಟಿಯ ಅಂಕೆಗಳು ಆ ತಂತಿಯಲ್ಲಿ ಹರಿದು ಬಂದವು. ತೂಕವನ್ನು ಹೇಗೆ ಬರೆದು ಕಳುಹಿಸಬೇಕೆಂದು ಆರ್‌ಎಸ್-232 ಹೇಳುವುದೇ ಇಲ್ಲ. ಒಂದು ಕಂಪನಿಯ ಯಂತ್ರ ಬಿಡುವಿಲ್ಲದೆ ತೂಕವನ್ನು ಕಳುಹಿಸುತ್ತಿರುತ್ತದೆ. ಇನ್ನೊಂದು, ಕೇಳಿದಾಗ ಮಾತ್ರ ಹೇಳುತ್ತದೆ. ಮತ್ತೊಂದು ತೂಕ ಸ್ಥಿರವಾಯಿತೇ ಇಲ್ಲವೇ ಎಂಬುದಕ್ಕೆ ಮೊದಲಲ್ಲೊಂದು ಅಕ್ಷರ ಸೇರಿಸುತ್ತದೆ. ಯಂತ್ರವನ್ನು ಬದಲಿಸಿದಾಗ ಗಣಕದ ತಂತ್ರಾಂಶಕ್ಕೂ ಅದನ್ನು ತಿಳಿಸಬೇಕು. ತಿಳಿಸದಿದ್ದರೆ ತಂತಿ, ವೋಲ್ಟೇಜು, ಬಾಡ್ ದರ ಎಲ್ಲ ಸರಿಯಿದ್ದೂ ಚೀಟಿ ತಪ್ಪಾಗಬಹುದು.

ಇಂದಿನ ಲ್ಯಾಪ್‌ಟಾಪುಗಳಲ್ಲಿ ಹಳೆಯ ಪೋರ್ಟಿಲ್ಲ, ಯುಎಸ್‌ಬಿ ಮಾತ್ರ. ಅಸಲಿ ಊನೋ ಫಲಕದ ಮೇಲೆ ಯುಎಸ್‌ಬಿಯನ್ನು ಸೀರಿಯಲ್ಲಿಗೆ ತಿರುಗಿಸುವ ಪ್ರತ್ಯೇಕ ಚಿಪ್ ಇದೆ. ಅಗ್ಗದ ನಕಲುಗಳಲ್ಲಿ ಅದರ ಬದಲು ಸಿಎಚ್340 ಇರುತ್ತದೆ. ಫಲಕವನ್ನು ಜೋಡಿಸಿದಾಗ ವಿಂಡೋಸ್‌ನಲ್ಲಿ ಕಾಮ್3, ಕಾಮ್4 ಎಂಬಂತೆ, ಲಿನಕ್ಸಿನಲ್ಲಿ ಟಿಟಿವೈಯುಎಸ್‌ಬಿ0 ಅಥವಾ ಟಿಟಿವೈಎಸಿಎಂ0 ಎಂಬಂತೆ ಪೋರ್ಟಿನ ಹೆಸರು ಕಾಣಬೇಕು. ಆ ಟಿಟಿವೈ ಎಂಬುದು ಟೆಲಿಟೈಪ್ ಯಂತ್ರದ ಹೆಸರಿನ ಪಳೆಯುಳಿಕೆ. ಹೆಸರೇ ಕಾಣದಿದ್ದರೆ ಮೊದಲು ಕೇಬಲ್ಲನ್ನು ಸಂಶಯಿಸಬೇಕು. ಮೊಬೈಲಿನ ಚಾರ್ಜರಿನೊಂದಿಗೆ ಬರುವ ಕೆಲವು ಕೇಬಲ್ಲುಗಳಲ್ಲಿ ಮಾಹಿತಿಯ ತಂತಿಗಳೇ ಇರುವುದಿಲ್ಲ. ಫಲಕದ ದೀಪ ಉರಿದರೂ ಗಣಕಕ್ಕೆ ಅದರ ಸುಳಿವಿರುವುದಿಲ್ಲ. ಉಬುಂಟು 22.04ರಲ್ಲಿ ಇನ್ನೊಂದು ತೊಡಕು: ದೃಷ್ಟಿಹೀನರ ಬ್ರೈಲ್ ಫಲಕಕ್ಕಾಗಿ ಇರುವ ಬಿಆರ್‌ಎಲ್‌ಟಿಟಿವೈ ಎಂಬ ತಂತ್ರಾಂಶವು ಸಿಎಚ್340 ಚಿಪ್ಪನ್ನು ತನ್ನದೆಂದು ಭ್ರಮಿಸಿ ಕಸಿದುಕೊಳ್ಳುತ್ತದೆ. ಬ್ರೈಲ್ ಬಳಸುವವರು ಆ ಗಣಕದಲ್ಲಿ ಇಲ್ಲವೆಂದು ಖಚಿತಪಡಿಸಿಕೊಂಡು ಅಧ್ಯಾಪಕರು ಅದನ್ನು ತೆಗೆದರೆ ಪೋರ್ಟು ಕಾಣಿಸಿಕೊಳ್ಳುತ್ತದೆ. ಹೆಸರು ಕಂಡೂ ಅನುಮತಿಯಿಲ್ಲವೆಂಬ ಸಂದೇಶ ಬಂದರೆ, ಬಳಕೆದಾರನನ್ನು ಡಯಲ್‌ಔಟ್ ಎಂಬ ಗುಂಪಿಗೆ ಸೇರಿಸಿ ಒಮ್ಮೆ ಲಾಗ್‌ಔಟ್ ಆಗಿ ಬರಬೇಕು. ಪೋರ್ಟು ಕಾರ್ಯನಿರತವೆಂದು ಬಂದರೆ ಬೇರೊಂದು ಕಿಟಕಿಯಲ್ಲಿ ಸೀರಿಯಲ್ ಮಾನಿಟರ್ ತೆರೆದೇ ಇರಬಹುದು.

ಊನೋದ 0 ಮತ್ತು 1 ಎಂಬ ಕಾಲುಗಳು ಯುಎಸ್‌ಬಿಯೊಂದಿಗೆ ಹಂಚಿಕೊಂಡವು. ಬ್ಲೂಟೂತ್ ಘಟಕವನ್ನು ಅಲ್ಲಿ ಜೋಡಿಸಿಟ್ಟೇ ಪ್ರೋಗ್ರಾಮನ್ನು ಕಳುಹಿಸಲು ಹೋದರೆ ಒಂದೇ ತಂತಿಯಲ್ಲಿ ಇಬ್ಬರು ಮಾತನಾಡಿದಂತಾಗಿ ಕೆಲಸ ನಿಲ್ಲುತ್ತದೆ. ಕಳುಹಿಸುವಾಗ ಬಿಚ್ಚಿ, ಬಳಿಕ ಜೋಡಿಸಬೇಕು. ಎರಡು ಉಪಕರಣಗಳ ನಡುವೆ ಒಬ್ಬನ ಕಳುಹಿಸುವ ಕಾಲು ಮತ್ತೊಬ್ಬನ ಪಡೆಯುವ ಕಾಲಿಗೆ ಸೇರಬೇಕೆಂಬುದನ್ನೂ ಮರೆಯಬಾರದು. ಬಾಯಿಗೆ ಬಾಯಿ, ಕಿವಿಗೆ ಕಿವಿ ಜೋಡಿಸಿದರೆ ಮೌನವೇ ಗತಿ. ಗೀಚೂ ಇಲ್ಲದ ಪೂರ್ಣ ಮೌನಕ್ಕೆ ಇದು, ಇಲ್ಲವೇ ಗ್ರೌಂಡ್ ತಂತಿ ಮರೆತದ್ದು, ಸಾಮಾನ್ಯ ಕಾರಣ.

ದೋಷ ಎಲ್ಲಿದೆಯೆಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಊನೋ ಫಲಕಕ್ಕೆ ಜೋಡಿಸಿದ ಎಲ್ಲವನ್ನೂ ತೆಗೆದು, ರೀಸೆಟ್ ಕಾಲನ್ನು ಗ್ರೌಂಡಿಗೆ ಒಂದು ತಂತಿಯಿಂದಲೂ, 0ನೆಯ ಕಾಲನ್ನು 1ನೆಯ ಕಾಲಿಗೆ ಇನ್ನೊಂದರಿಂದಲೂ ಸೇರಿಸಬೇಕು. ಸೀರಿಯಲ್ ಮಾನಿಟರ್ ತೆರೆದು ಯಾವುದಾದರೂ ಪದವನ್ನು, ‘ಕನ್ನಡ’ ಎಂದೇ ಆಗಲಿ, ಬರೆದು ಕಳುಹಿಸಬೇಕು. ಹದಿನೈದು ಬೈಟ್‌ಗಳು ಹೋಗಿ ಹಾಗೆಯೇ ಮರಳಿ ಬಂದು ಅದೇ ಪದ ಪರದೆಯಲ್ಲಿ ಮೂಡಿದರೆ ಕೇಬಲ್ಲು, ಚಾಲಕ ತಂತ್ರಾಂಶ, ಪೋರ್ಟು, ಯುಎಸ್‌ಬಿ ಚಿಪ್ ನಾಲ್ಕೂ ಸರಿಯಿವೆ. ದೋಷವನ್ನು ಪ್ರೋಗ್ರಾಮಿನಲ್ಲಿಯೋ ಹೊರಗಿನ ಜೋಡಣೆಯಲ್ಲಿಯೋ ಹುಡುಕಬೇಕು. ಪದ ಮರಳದಿದ್ದರೆ ಬೇರೊಂದು ಕೇಬಲ್ಲಿನಿಂದ ಮತ್ತೊಮ್ಮೆ ನೋಡಬೇಕು.